ತೀರಿಕೊಂಡ ಮಗುವನ್ನು ಲಸಿಕೆಗೆ ಕರೆಯುವ ತಂತ್ರಾಂಶದ ಬಗ್ಗೆ

ಮಾನ್ಯ ಆರೋಗ್ಯ ದಾಖಲೆ ನಿರ್ದೇಶಕರೇ,

ಕ್ಲಿನಿಕ್ಕುಗಳಲ್ಲಿ ರೋಗಿಗಳ ದಾಖಲೆ ಇಡಲು ಹೊಸ ತಂತ್ರಾಂಶ ಆರಿಸುತ್ತಿದ್ದೀರಿ, ಅದಕ್ಕೆ ನಮ್ಮ ಅಭಿಪ್ರಾಯ ಕೇಳಿದ್ದೀರಿ. ಸಂತೋಷ. ಈಗಿರುವುದರ ವೇಗ ಹೇಗಿದೆ, ನೋಟ ಹೇಗಿದೆ, ಎಷ್ಟು ನಕ್ಷತ್ರ ಕೊಡುತ್ತೀರಿ ಎಂದೆಲ್ಲ ವಿಚಾರಿಸಿದ್ದೀರಿ. ನಕ್ಷತ್ರ ಕೊಡಲು ನನಗೆ ಕೈ ಬರಲಿಲ್ಲ. ಈಗಿರುವ ತಂತ್ರಾಂಶದಲ್ಲಿ ಮಗು ತೀರಿಕೊಂಡಿದೆ ಎಂದು ಬರೆಯಲು ಜಾಗವಿಲ್ಲ. ಅದರಿಂದ ಒಂದು ಮನೆಗೆ ಏನಾಯಿತು ಎಂದು ಬರೆಯಲು ನಿಮ್ಮ ಅಭಿಪ್ರಾಯದ ಪುಟದಲ್ಲೂ ಜಾಗವಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಮಕ್ಕಳ ವೈದ್ಯೆ. ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಕ್ಲಿನಿಕ್ಕು ನನ್ನದು. ಹೊರಗಿನ ಕೋಣೆಯಲ್ಲಿ ಗೋಡೆಗಂಟಿದ ಬೆಂಚುಗಳು, ಮಕ್ಕಳನ್ನು ಮಲಗಿಸಿ ತೂಗುವ ತಕ್ಕಡಿ, ಅದರ ಪಕ್ಕ ಕಂಪ್ಯೂಟರಿನ ಮುಂದೆ ನಮ್ಮ ಅಕ್ಕ. ಚೀಟಿ ಕೊಡುವುದು, ಅಳುವ ಮಕ್ಕಳನ್ನು ಸಮಾಧಾನ ಮಾಡುವುದು, ಅಳುವ ಅಪ್ಪಂದಿರನ್ನು ಗದರಿಸುವುದು ಎಲ್ಲ ಅವರದೇ ಕೆಲಸ. ಊರಿಗೆಲ್ಲ ಅವರು ಅಕ್ಕ, ನನಗೂ ಅಷ್ಟೇ.

ಈಗಿರುವ ತಂತ್ರಾಂಶವನ್ನು ಆರಿಸಿದ ದಿನ ನಿಮ್ಮ ಸಭಾಂಗಣದಲ್ಲಿ ನಾನೂ ಇದ್ದೆ. ಕಂಪನಿಯ ಪ್ರತಿನಿಧಿ ದೊಡ್ಡ ಪರದೆಯ ಮೇಲೆ ಒಂದು ಮಾದರಿ ಮಗುವನ್ನು ತೋರಿಸಿದರು. ಎಂಥ ಮಗು ಅದು! ಹುಟ್ಟಿದಾಗಿನಿಂದ ಒಂದು ನೆಗಡಿಯಿಲ್ಲ, ತೂಕದ ಗೆರೆ ಮೇಲಕ್ಕೇ ಏರುತ್ತಿತ್ತು, ಲಸಿಕೆಗಳ ಮುಂದೆಲ್ಲ ಹಸಿರು ಗುರುತು. "ನೆನಪಿನ ಮೆಸೇಜ್ ತಾನಾಗೇ ಹೋಗುತ್ತೆ, ನೀವು ಕೈ ಹಾಕೋದೇ ಬೇಡ" ಎಂದರು ಅವರು. ನಾವು ಚಪ್ಪಾಳೆ ತಟ್ಟಿದೆವು. ನೀವು ವೇದಿಕೆಯಿಂದ, ಇನ್ನು ಮುಂದೆ ಒಂದು ಮಗುವೂ ನಮ್ಮ ಕಣ್ಣು ತಪ್ಪುವುದಿಲ್ಲ ಎಂದಿರಿ. ಅಂಥ ಮಕ್ಕಳೇ ಎಲ್ಲರ ಮನೆಯಲ್ಲೂ ಇದ್ದಿದ್ದರೆ ಕ್ಲಿನಿಕ್ಕು ಯಾಕೆ ಬೇಕಿತ್ತು ಸ್ವಾಮಿ?

ನಮ್ಮಲ್ಲಿಗೆ ಬರುತ್ತಿದ್ದವನು ಗುಂಡ. ಅವನ ತಾಯಿ ಹಿಂದಿನ ರಸ್ತೆಯ ಹೊಲಿಗೆ ಅಂಗಡಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವವಳು, ತಂದೆ ಬಸ್ ಚಾಲಕ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗು. ಹೃದಯದಲ್ಲಿ ರಂಧ್ರವಿತ್ತು, ಹಾಲು ಕುಡಿಯುವುದರಲ್ಲೇ ಸುಸ್ತಾಗುತ್ತಿದ್ದ. ಮೈಮೇಲೆ ಮಾಂಸವೇ ಇಲ್ಲದ ಕೂಸಿಗೆ ಅಪ್ಪ ತಮಾಷೆಗೆ ಗುಂಡ ಎನ್ನುತ್ತಿದ್ದ. ಮೊದಲ ಸಲ ಬಂದಾಗ ಇನ್ನೂ ಹೆಸರಿಟ್ಟಿರಲಿಲ್ಲವಾದ್ದರಿಂದ ಅಕ್ಕ ದಾಖಲೆಯಲ್ಲೂ ಹಾಗೇ ಬರೆದರು, ಅದೇ ಹೆಸರು ಉಳಿಯಿತು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಸಾಕು, ಅದನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಎಳೆದುಕೊಳ್ಳುತ್ತಿದ್ದ. ಬಿಡಿಸಿಕೊಳ್ಳಲು ಹೋದರೆ ನಗುತ್ತಿದ್ದ. ಅವನ ಎದೆಯ ಸದ್ದು ಕೇಳುವುದಕ್ಕಿಂತ ಅವನ ನಗು ನೋಡುವುದರಲ್ಲೇ ನನಗೆ ಹೆಚ್ಚು ಹೊತ್ತಾಗುತ್ತಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಗುಂಡ ಉಳಿಯಲಿಲ್ಲ. ಅವನ ತಂದೆ ಖಾಕಿ ಅಂಗಿಯಲ್ಲೇ ನನ್ನ ಬಾಗಿಲಿಗೆ ಬಂದು ನಿಂತು, "ಆಗ್ಲಿಲ್ಲ ಡಾಕ್ಟ್ರೇ" ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಅದಾಗಿ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ತಾಯಿ ಬಂದಳು. ಚೀಟಿ ತೆಗೆದುಕೊಂಡು, ಮಕ್ಕಳನ್ನು ಎತ್ತಿಕೊಂಡಿದ್ದ ತಾಯಂದಿರ ನಡುವೆ ಬರಿಗೈಯಲ್ಲಿ ಕೂತಳು. ಪಕ್ಕದವಳು, "ಮಗು ಎಲ್ಲಮ್ಮಾ?" ಎಂದು ಕೇಳಿದಳಂತೆ. "ಮನೇಲಿ ಮಲಗಿದಾನೆ" ಎಂದಳಂತೆ ಇವಳು. ಅದನ್ನು ಕೇಳಿಸಿಕೊಂಡ ಅಕ್ಕ ಎದ್ದು ಬಂದು, ಸರದಿ ಮುರಿದು, ಅವಳ ಭುಜ ಹಿಡಿದು ಒಳಗೆ ಕರೆತಂದರು.

ಅವಳು ಫೋನನ್ನು ನನ್ನ ಮೇಜಿನ ಮೇಲಿಟ್ಟಳು. 'ನಮಸ್ಕಾರ! ಗುಂಡ ಅವರ ಮುಂದಿನ ಲಸಿಕೆಯ ದಿನ ಬಂದಿದೆ. ನಿಮ್ಮ ಮುದ್ದು ಮಗುವನ್ನು ತಪ್ಪದೇ ಕರೆತನ್ನಿ.' ಕೆಳಗೆ ನನ್ನ ಕ್ಲಿನಿಕ್ಕಿನ ಹೆಸರು.

"ನೀವೇ ಕರೆದ್ರಲ್ಲ ಡಾಕ್ಟ್ರೇ, ಅದಕ್ಕೇ ಬಂದೆ. ಕರ್ಕೊಂಡ್ ಬನ್ನಿ ಅಂತ ಇದೆ. ಎಲ್ಲಿಂದ ಕರ್ಕೊಂಡ್ ಬರ್ಲಿ?"

ನಿರ್ದೇಶಕರೇ, ನಿಮಗಾದರೆ ಇದಕ್ಕೆ ಉತ್ತರ ಗೊತ್ತಿತ್ತೇ? ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ. ಅವಳು ಹೋದಮೇಲೆ ದಾಖಲೆ ಮುಚ್ಚಲು ಹೊರಟೆ. ಕಾರಣ ಆರಿಸಿ ಎಂದಿತು: ಲಸಿಕೆ ಪೂರ್ಣ, ವೈದ್ಯರ ಬದಲಾವಣೆ, ಬೇರೆ ಊರಿಗೆ ಸ್ಥಳಾಂತರ. ಅಷ್ಟೇ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ.

"ಮಗು ತೀರಿಕೊಂಡಿದೆ, ಎಲ್ಲಿ ಬರೀಬೇಕು?"

"ಆ ಆಪ್ಶನ್ ಇಲ್ಲ ಮೇಡಂ. ಇಲಾಖೆಯವರು ಕೇಳಿರ್ಲಿಲ್ಲ."

"ಮೆಸೇಜ್ ಆದ್ರೂ ನಿಲ್ಲಿಸಿ."

"ಅದು ಕಡ್ಡಾಯ ಮೇಡಂ. ಸ್ಥಳಾಂತರ ಅಂತ ಹಾಕ್ಬಿಡಿ, ನಿಂತುಹೋಗುತ್ತೆ."

ನನಗೆ ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ನಿಮ್ಮ ಕಚೇರಿಗೆ ಬರೆದೆ. 'ನಿಮ್ಮ ಸಲಹೆಯನ್ನು ಸ್ವೀಕರಿಸಲಾಗಿದೆ' ಎಂದು ಆ ಕ್ಷಣವೇ ಉತ್ತರ ಬಂತು. ಯಾವ ಮನುಷ್ಯನೂ ಅಷ್ಟು ಬೇಗ ಓದಲಾರ. ಆಮೇಲೆ ಎರಡನೆಯ ಸಂದೇಶ ಅವಳಿಗೆ ಹೋಯಿತು: 'ಗುಂಡ ಅವರ ಲಸಿಕೆಯ ಗಡುವು ಮೀರಿದೆ. ನಿಮ್ಮ ನಿರ್ಲಕ್ಷ್ಯ ಮಗುವಿನ ಜೀವಕ್ಕೆ ಅಪಾಯ ತರಬಹುದು.'

ಮಗನನ್ನು ಉಳಿಸಿಕೊಳ್ಳಲು ಕಂಡಕಂಡ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಿಗೆ ನಿರ್ಲಕ್ಷ್ಯ ಎಂದಿರಿ. ಆ ವಾಕ್ಯವನ್ನು ಬರೆದವರು ಯಾರು? ಸಂಬಳ ತೆಗೆದುಕೊಂಡು, ಕುರ್ಚಿಯಲ್ಲಿ ಕೂತು, ಯಾರೋ ಒಬ್ಬರು ಬರೆದಿರಲೇಬೇಕಲ್ಲವೇ? ಅದನ್ನು ಓದಿ ಚೆನ್ನಾಗಿದೆ ಎಂದು ಒಪ್ಪಿದವರು ಇನ್ನೊಬ್ಬರು ಇರಬೇಕಲ್ಲವೇ?

ಈ ಸಲ ಗಂಡ ಹೆಂಡತಿ ಇಬ್ಬರೂ ಬಂದರು. ಅವನು ಕೂರಲಿಲ್ಲ.

"ನಿಲ್ಲಿಸಿಬಿಡಿ ಡಾಕ್ಟ್ರೇ. ಏನಾದ್ರೂ ಬರ್ಕೊಳ್ಳಿ. ಇದು ಬಂದಾಗಿಂದ ಇವಳು ಊಟ ಬಿಟ್ಟಿದಾಳೆ."

"ನಿಲ್ಲಿಸ್ಬೇಡಿ" ಎಂದಳು ಅವಳು.

ನಾವಿಬ್ಬರೂ ಅವಳನ್ನೇ ನೋಡಿದೆವು.

"ನಾನು ಹೋದ ಕಡೆ ಎಲ್ರೂ ಮಾತು ಬದಲಾಯಿಸ್ತಾರೆ. ಅವನ ಹೆಸರೇ ಯಾರೂ ಎತ್ತಲ್ಲ. ಬೈಯೋದಕ್ಕಾದ್ರೂ ಇದೊಂದು ಅವನ ಹೆಸರು ಹಿಡಿದು ಕರೆಯುತ್ತೆ. ಇದೂ ನಿಂತ್ರೆ ಇನ್ಯಾರು ಕರೀತಾರೆ?"

"ನಾನಿಲ್ವೇನೇ?" ಎಂದ ಅವನು.

"ನೀನಾ? ಆವತ್ತಿಂದ ನಿನ್ನ ಬಾಯಲ್ಲಿ ಒಂದ್ ಸಲ ಅವನ ಹೆಸರು ಬಂದಿದೆಯಾ ಹೇಳು."

ಅವನು ಗೋಡೆಯ ಕಡೆ ತಿರುಗಿದ. ಆಮೇಲೆ, "ಗುಂಡಾ" ಎಂದ. ಒಳಗಿನ ಕೋಣೆಯಲ್ಲಿರುವ ಮಗುವನ್ನು ಆಟಕ್ಕೆ ಕರೆಯುವ ಹಾಗೆ. ಅಷ್ಟಕ್ಕೇ ಧ್ವನಿ ಒಡೆದು ನೆಲದ ಮೇಲೆ ಕುಸಿದು ಕೂತ. ಅವಳು ಹೋಗಿ ಅವನ ಪಕ್ಕ ಕೂತಳು. ಇಬ್ಬರೂ ಅತ್ತರು. ನಾನೂ ಅತ್ತೆ, ಅದನ್ನು ಮರೆಮಾಚಿ ಏನಾಗಬೇಕು? ಎಷ್ಟೋ ಹೊತ್ತಿನ ಮೇಲೆ ಅವಳೇ ಫೋನನ್ನು ನನ್ನ ಕಡೆ ಚಾಚಿ, "ನಿಲ್ಲಿಸಿ ಡಾಕ್ಟ್ರೇ" ಎಂದಳು.

'ಬೇರೆ ಊರಿಗೆ ಸ್ಥಳಾಂತರ' ಒತ್ತಿದೆ. ಪೋಷಕರ ಒಪ್ಪಿಗೆ ಬೇಕೆಂದು ತಂತ್ರಾಂಶ ಅವಳ ಫೋನಿಗೇ ಒಟಿಪಿ ಸಂಖ್ಯೆ ಕಳಿಸಿತು. ಒಂದೊಂದೇ ಅಂಕಿಯನ್ನು ಅವಳು ಓದಿ ಹೇಳಿದಳು. ನಾನು ಒತ್ತುತ್ತ ಹೋದೆ. ಕೊನೆಗೆ ಪರದೆಯ ಮೇಲೆ 'ಶುಭ ಪ್ರಯಾಣ' ಎಂದು ಮೂಡಿತು. ಅವಳಿಗೆ ಕಾಣದ ಹಾಗೆ ಪರದೆಯನ್ನು ಪಕ್ಕಕ್ಕೆ ತಿರುಗಿಸಿದೆ.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಊರು ಬಿಟ್ಟ ಮಗು ಬೇರೆಲ್ಲೂ ದಾಖಲಾಗಲಿಲ್ಲವೆಂದು ನಿಮ್ಮ ತಂತ್ರಾಂಶಕ್ಕೆ ಅನುಮಾನ ಬಂತು. ವಿಚಾರಣೆಗೆ ನಿಮ್ಮ ಕ್ಷೇತ್ರ ಕಾರ್ಯಕರ್ತೆ ಹೊಲಿಗೆ ಅಂಗಡಿಗೇ ಹೋದಳು. ಪಾಪ, ಅವಳಿಗೆ ಕೊಟ್ಟದ್ದು ಹೆಸರು ಮತ್ತು ವಿಳಾಸ, ಅವಳನ್ನು ದೂರಲಾರೆ. ಗಿರಾಕಿಗಳ ಎದುರಿಗೇ ಕೇಳಿದಳಂತೆ: "ಗುಂಡ ಅನ್ನೋ ಮಗು ನಿಮ್ದೇನಾ? ಎಲ್ಲಿಗೆ ಕಳಿಸಿದೀರಿ? ಯಾರ ಹತ್ರ ಬಿಟ್ಟಿದೀರಿ?"

ತಾಯಿ ಹೊಲಿಯುತ್ತಿದ್ದ ಅಂಗಿಯನ್ನು ಯಂತ್ರದಲ್ಲೇ ಬಿಟ್ಟು ಎದ್ದು ಹೊರನಡೆದಳು. ಮತ್ತೆ ಆ ಅಂಗಡಿಗೆ ಹೋಗಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಅವಳ ಗಂಡ. "ನಿಮ್ಮ ಮೇಲೆ ಕೋಪ ಇಲ್ಲ ಡಾಕ್ಟ್ರೇ. ಆದ್ರೆ ಅವಳು ಇನ್ನು ಈ ರಸ್ತೆಗೇ ಕಾಲಿಡಲ್ಲ ಅಂತಾಳೆ" ಎಂದ. ಅವನು ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಮತ್ತೆ ತಂತ್ರಾಂಶ ಆರಿಸಲು ಕೂತಿದ್ದೀರಿ. ನಾನು ಯಂತ್ರದ ವೈರಿಯಲ್ಲ. ಎಷ್ಟೋ ಮಕ್ಕಳಿಗೆ ಅದರ ನೆನಪಿನ ಸಂದೇಶದಿಂದ ಒಳ್ಳೆಯದೇ ಆಗಿದೆ. ಆದರೆ ಮಾರಲು ಬಂದವರು ತೋರಿಸಿದ್ದನ್ನು ನೋಡಿ ತಲೆಯಾಡಿಸಬೇಡಿ. ಅವರ ಕಂಪ್ಯೂಟರಿನ ಮುಂದೆ ನೀವೇ ಕೂತುಕೊಳ್ಳಿ. ಮಗು ತೀರಿಕೊಂಡಿದೆ ಎಂದು ನಿಮ್ಮ ಕೈಯಾರೆ ಬರೆಯಲು ನೋಡಿ. ಬರೆದ ಗಳಿಗೆಯಿಂದ ಆ ಮನೆಗೆ ಒಂದು ಸಂದೇಶವೂ ಹೋಗಬಾರದು. ಹಾಗಾಗದಿದ್ದರೆ ಆ ತಂತ್ರಾಂಶ ಎಷ್ಟೇ ಚೆಂದವಿರಲಿ, ವಾಪಸು ಕಳಿಸಿ. ಸಂದೇಶಗಳನ್ನು ಹೊರಗಿನ ಕೋಣೆಯಿಂದಲೇ ನಿಲ್ಲಿಸುವ ಅಧಿಕಾರ ಚೀಟಿ ಕೊಡುವವರಿಗೂ ಇರಲಿ.

ಇನ್ನೊಂದು ಕೆಲಸ ಬಾಕಿಯಿದೆ. ಆ ತಾಯಿಯ ಕ್ಷಮೆ ಕೇಳಿ. ಅದಕ್ಕೂ ಸಂದೇಶ ಕಳಿಸಿಬಿಡಬೇಡಿ, ಕೈಮುಗಿಯುತ್ತೇನೆ. ನೀವೇ ಹೋಗಿ. ಬಾಗಿಲು ತೆರೆದರೆ ಒಳಗೆ ಕೂತು, ನಿಮ್ಮ ಮಗ ಹೇಗಿದ್ದನಮ್ಮಾ ಎಂದು ಕೇಳಿ. ಅವಳು ಹೇಳಿ ಮುಗಿಸುವವರೆಗೂ ಏಳಬೇಡಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಒಂದು ಮಗುವನ್ನೂ ಕಳೆದುಕೊಳ್ಳದ
ಮಕ್ಕಳ ವೈದ್ಯೆ