ಒಂದೇ ಉತ್ತರ ಬರೆದವರು

ಮನೆಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ ಎಂದು ಬರೆದು ಹೊಡೆದುಹಾಕಿದೆ, ಬೇರೆ ಯಾರಿಗೋ ಬರೆದ ಹಾಗಿತ್ತು. ಕರೆಯುವ ಹಾಗೆಯೇ ಬರೆಯುತ್ತೇನೆ. ರೀ,

ಅತ್ತೆಯ ಸೊಂಟ ಹೇಗಿದೆ? ಆಪರೇಷನ್ ಆದ ಮೇಲೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಾರೆ ಎಂದು ನಿಮ್ಮ ತಂಗಿ ಹೇಳಿದಳು. ಅವರು ನಡೆಯುವಾಗ ಹಿಂದೆ ನಿಂತು ಹುಷಾರು ಹುಷಾರು ಎಂದು ತಲೆ ತಿನ್ನಬೇಡಿ. ನೀವೂ ನೆಲದ ಮೇಲೆ ಮಲಗಿ ಬೆನ್ನು ಹಿಡಿದುಕೊಂಡರೆ ಇಬ್ಬರನ್ನೂ ನೋಡಿಕೊಳ್ಳುವವರು ಯಾರು? ಮಗಳು ಚೆನ್ನಾಗಿದ್ದಾಳೆ. ನಾನೂ ಇದ್ದೇನೆ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನೀವು ‘ಆಯ್ತು ಬಿಡು’ ಅಂದುಬಿಡುತ್ತೀರಿ, ನನಗೂ ಅಲ್ಲಿಗೇ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಡ್ರೈವರ್ ನಾಳೆ ಆ ಕಡೆಗೆ ಬರುತ್ತಾನಂತೆ, ಅವನ ಕೈಲಿ ಕಳಿಸುತ್ತೇನೆ.

ನಾವಿಬ್ಬರೂ ಕೆಲಸಕ್ಕಿದ್ದ ಪಾರ್ಸೆಲ್ ಗೋದಾಮು ಬಾಗಿಲು ಹಾಕಿದ ಮೇಲೆ, ಒಬ್ಬರಿಗಾದರೂ ಸಿಕ್ಕರೆ ಮನೆ ನಡೆಯುತ್ತದೆ ಎಂದು ಇಬ್ಬರೂ ಔಷಧಿ ಸಾಗಿಸುವ ಆ ಕಂಪನಿಗೆ ಅರ್ಜಿ ಹಾಕಿದೆವಲ್ಲ, ಅದರ ಆನ್‌ಲೈನ್ ಪರೀಕ್ಷೆಯ ಫಲಿತಾಂಶ ಬಂದಿದೆ. ಇಬ್ಬರದ್ದೂ ತಡೆಹಿಡಿದಿದ್ದಾರೆ. ಲೆಕ್ಕದಲ್ಲಿ ಇಬ್ಬರೂ ಪಾಸು. ಎಡವಿದ್ದು ಸ್ವಭಾವದ ಪ್ರಶ್ನೆಗಳಲ್ಲಿ. ನಾನೇ ಫೋನ್ ಮಾಡಿ ಕೇಳಿದೆ. ‘ಮೇಡಂ, ಎರಡೂ ಒಬ್ರೇ ಬರೆದಿರೋದು ಅಂತ ಸಿಸ್ಟಮ್ ತೋರಿಸ್ತಿದೆ’ ಎಂದಳು ಅಲ್ಲಿಯ ಹುಡುಗಿ. ಒಂದೇ ಮನೆ, ಒಂದೇ ಲ್ಯಾಪ್‌ಟಾಪ್, ಮೊದಲಿಂದ ಕೊನೆಯವರೆಗೆ ಒಂದೇ ಉತ್ತರ. ನಾವು ಗಂಡ ಹೆಂಡತಿ ಕಣಮ್ಮಾ ಎಂದೆ. ‘ಇರಬಹುದು, ಆದ್ರೂ ಇಷ್ಟೊಂದು ಒಂದೇ ಥರ ಯಾರೂ ಇರಲ್ಲ’ ಎಂದಳು. ನಗು ಬರಬೇಕಿತ್ತು, ಬರಲಿಲ್ಲ.

ಎಷ್ಟು ತಯಾರಿ ಮಾಡಿದ್ದೆವು. ಊಟದ ಮೇಜಿನ ಮೇಲೆ ಮಗಳ ಲ್ಯಾಪ್‌ಟಾಪ್, ಕ್ಯಾಮೆರಾಗೆ ಹಿಂದಿನ ಬಟ್ಟೆಯ ರಾಶಿ ಕಾಣದಿರಲಿ ಎಂದು ಅದನ್ನು ಗೋಡೆಯ ಕಡೆ ತಿರುಗಿಸಿದ್ದು, ಅಭ್ಯಾಸದ ಪರೀಕ್ಷೆಯಲ್ಲಿ ನಾನು ಪಕ್ಕಕ್ಕೆ ನೋಡಿದಾಗಲೆಲ್ಲ ನೀವು ಚಮಚದಿಂದ ಮೇಜು ಕುಟ್ಟಿದ್ದು. ಪ್ರತಿ ಪ್ರಶ್ನೆಗೂ ‘ಪೂರ್ತಿ ಒಪ್ತೀನಿ’ಯಿಂದ ‘ಒಪ್ಪೋದೇ ಇಲ್ಲ’ದವರೆಗೆ ಐದು ಗುಂಡಿ. ‘ಮಧ್ಯದ್ದು ಒತ್ಬೇಡ, ತಲೆ ಇಲ್ಲ ಅಂದ್ಕೋತಾರೆ’ ಎನ್ನುತ್ತಿದ್ದಿರಿ. ನೀವೊಂದು ಸಲ, ನಾನೊಂದು ಸಲ ಬಾಯಿಪಾಠ ಒಪ್ಪಿಸಿದೆವು. ಬೇಗ ಸಿಟ್ಟು ಬರುತ್ತದೆಯೇ? ಇಲ್ಲ. ಒಬ್ಬರೇ ಕೆಲಸ ಮಾಡುವುದು ಇಷ್ಟವೇ? ಇಲ್ಲ. ಒಂದೇ ಅವಕಾಶವಿದ್ದರೆ ಜೊತೆಯವರಿಗೆ ಬಿಟ್ಟುಕೊಡುತ್ತೀರಾ ಎಂಬುದು ಬಂದಾಗ ನಾನು ತಡವರಿಸಿದೆ. ನೀವು ತಡವರಿಸಲಿಲ್ಲ. ‘ಪೂರ್ತಿ ಒಪ್ತೀನಿ ಅಂತ ಹಾಕು, ನೀನು ಹಾಗೇ ತಾನೆ’ ಎಂದಿರಿ. ನಾನು ಹಾಗೆಯೇ ಹಾಕಿದೆ.

ಆಗಿನಿಂದ ಯಾರು ಏನು ಕೇಳಿದರೂ ಕಣ್ಣ ಮುಂದೆ ಆ ಐದು ಗುಂಡಿಗಳು ಬರುತ್ತವೆ. ನಿನ್ನೆ ಮಗಳು ‘ಅಮ್ಮಾ, ಬೇಜಾರಾ?’ ಎಂದಳು. ಯಾವುದನ್ನು ಒತ್ತಬೇಕೆಂದು ಯೋಚಿಸುತ್ತಾ ನಿಂತೆ. ಅವಳು ಕಾದು ಕಾದು ಒಳಗೆ ಹೋದಳು. ಬೇಜಾರಿತ್ತೋ ಇಲ್ಲವೋ ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ ರೀ. ಒಣಗಿದ ಬಟ್ಟೆ ಮಡಚಿದೆ. ನಿಮ್ಮ ಗೋದಾಮಿನ ನೀಲಿ ಅಂಗಿಯನ್ನು ಕಪಾಟಿನಲ್ಲಿ ಎತ್ತಿಟ್ಟೆ, ಮತ್ತೆ ತೆಗೆದು ಅದರಲ್ಲೇ ನೆಲ ಒರೆಸಿದೆ. ಏನೂ ಅನ್ನಿಸಲಿಲ್ಲ. ಒರಟು ಬಟ್ಟೆ, ನೀರು ಚೆನ್ನಾಗಿ ಹೀರುತ್ತದೆ.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ಮಾತ್ರೆ ಕಹಿ ಎಂದು ಅವರು ದಿಂಬಿನ ಕೆಳಗೆ ಬಚ್ಚಿಡುತ್ತಾರೆ, ದಿಂಬು ಎತ್ತಿ ನೋಡಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನೀವು ಎಲ್ಲರೆದುರು ‘ಇವಳು’ ಎನ್ನುವ
ಇವಳು

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಮತ್ತೆ ಪರೀಕ್ಷೆ ಬರೆಯಲು ಬಿಡುತ್ತಾರಂತೆ, ಇನ್ನೊಬ್ಬರ ಅರ್ಜಿ ಅಲ್ಲಿಗೆ ಮುಗಿಯಿತು. ಯಾರು ಎಂದು ಹೇಳಲು ಶನಿವಾರದವರೆಗೆ ಸಮಯವಿತ್ತು. ನಾನು ಫೋನ್ ಇಡುವ ಮೊದಲೇ ನನ್ನ ಹೆಸರು ಹೇಳಿದೆ. ನಿಮ್ಮನ್ನು ಕೇಳಿದ್ದರೆ ‘ನೀನೇ ಬರಿ’ ಅಂದುಬಿಡುತ್ತಿದ್ದಿರಿ, ಅಷ್ಟಕ್ಕೇ ಕರಗಿ ನಾನು ನಿಮ್ಮ ಹೆಸರು ಕೊಡುತ್ತಿದ್ದೆ. ಸೋಮವಾರ ಪರೀಕ್ಷೆ. ಬಿಟ್ಟುಕೊಡುವ ಆ ಪ್ರಶ್ನೆ ಬಂದರೆ ಏನು ಒತ್ತಬೇಕೆಂದು ಈ ಸಲ ನಿಮ್ಮನ್ನು ಕೇಳುವುದಿಲ್ಲ.