ನೆಲವೇ ಡೊಂಕಾಗಿತ್ತು

ಕಾಲೊಫೆರ್
ಆಗಸ್ಟ್ 26, ಸೋಮವಾರ

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ದಿನಾ ಬೆಳಿಗ್ಗೆ ಬಾಲ್ಚಿಕ್‌ನ ಕಪ್ಪು ಕೆಸರು ಹಚ್ಚಿಸಿಕೊಂಡು ಬಿಸಿಲಿಗೆ ಕೂರುತ್ತೀಯೆಂದು ಪೆನ್ಕಾ ದೊಡ್ಡಮ್ಮ ಹೇಳಿದರು. ಕೆಸರು ಒಣಗುವವರೆಗೂ ಸುಮ್ಮನೆ ಕೂರುವುದು ನಿನ್ನಿಂದ ಆಗುತ್ತದೆಂದು ನನಗೆ ನಂಬಿಕೆಯಿಲ್ಲ, ಪಕ್ಕದವರ ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳುತ್ತಿರುತ್ತೀಯ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ನಾನು ಫೋನ್ ಮಾಡಿದಾಗಲೆಲ್ಲ ದೊಡ್ಡಮ್ಮ "ನಿಮ್ಮಮ್ಮ ಸಮುದ್ರಕ್ಕೆ ಹೋಗಿದ್ದಾಳೆ ಕಣೇ" ಅನ್ನುತ್ತಾರೆ, ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತದೆ. ಆಮೇಲೆ ಇವಾಯ್ಲೊ ಅವರನ್ನು ಕೇಳಿದೆ, ಸಮುದ್ರ ಕೆಮ್ಮುತ್ತದೇನ್ರೀ ಅಂತ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೈಬರಹದಲ್ಲಿ ಕಾಗದ ಬರೆದು ಎಷ್ಟು ವರ್ಷವಾಯಿತೋ, ಮೂರು ಹಾಳೆ ಹರಿದು ಹಾಕಿದ್ದೇನೆ. ಮೊಬೈಲಿನಲ್ಲಿ ನಾನು ಕಳಿಸಿದ ಸಂದೇಶಗಳಿಗೆ ನೀನು ಯಾಕೆ ಉತ್ತರ ಕೊಡಲಿಲ್ಲವೆಂದು ಗೊತ್ತು. ಸಿಟ್ಟು ಒಂದು ಕಡೆ, ಅವಸರಕ್ಕೆ ನಮ್ಮ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ, 'ಚ' ಬರುವಲ್ಲಿ ನಾಲ್ಕು, 'ಶ' ಬರುವಲ್ಲಿ ಆರು ಎಂಬ ಅಂಕಿ ಹಾಕಿ ಬರೆಯುವ ನನ್ನ ಚಾಳಿ ಇನ್ನೊಂದು ಕಡೆ. "ಲೆಕ್ಕ ಬೆರೆಸಿದ ಮಾತು ನಾನು ಓದೋದಿಲ್ಲ, ಅದನ್ನ ಗಣಿತದ ಟೀಚರಿಗೆ ಕಳಿಸು" ಎಂದು ನೀನೇ ಒಮ್ಮೆ ಹೇಳಿದ್ದೆ. ನಲವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವಳು ಹಾಗನ್ನದೆ ಇನ್ನೇನು ಅಂದೀಯ. ಅದಕ್ಕೇ ನೋಡು, ಒಂದೊಂದು ಅಕ್ಷರವನ್ನೂ ಅದರ ಬಾಲ ಸಮೇತ ಬರೆಯುತ್ತಿದ್ದೇನೆ. ಕೆಂಪು ಪೆನ್ನು ಹತ್ತಿರ ಇಟ್ಟುಕೊಳ್ಳಬೇಡ, ದಯವಿಟ್ಟು.

ಇಲ್ಲಿ ಬೀದಿಯೆಲ್ಲ ಸುಟ್ಟ ಮೆಣಸಿನಕಾಯಿಯ ವಾಸನೆ. ಚಳಿಗಾಲಕ್ಕೆಂದು ನಾವೂ ಇಪ್ಪತ್ತು ಕಿಲೋ ತಂದು ಸುಡಲು ಕೂತೆವು, ಅರ್ಧಕ್ಕೇ ಸುಡುವ ಒಲೆ ಕೈಕೊಟ್ಟಿತು. ಹೋದ ಸಲ ಅದರ ಸುರುಳಿ ತಂತಿ ಬದಲಾಯಿಸಿದ್ದು ನೀನು. ಇವಾಯ್ಲೊ ಒಂದು ಗಂಟೆ ಬಿಚ್ಚಿ ಜೋಡಿಸಿ ಕೊನೆಗೆ ಫ್ಯೂಸ್ ಸುಟ್ಟರು. ವಯಸ್ಸಾದವರಿಗೆ ಯಂತ್ರವೆಂದರೆ ಭಯ ಎಂದು ಊರೂರು ಸುತ್ತಿ ಭಾಷಣ ಮಾಡುವ ನನಗೆ, ನಮ್ಮ ಮನೆಯ ಒಂದೇ ಒಂದು ಯಂತ್ರ ರಿಪೇರಿ ಮಾಡಬಲ್ಲವಳು ನೀನೆಂಬುದು ಆಗ ನೆನಪಾಯಿತು. ಕಾಲಿನಾಳ ಮುಂದಿನ ಎರಡೂ ಹಲ್ಲು ಬಿದ್ದಿವೆ. ಹೊಸ ಚೀಲ ಬೆನ್ನಿಗೆ ಹಾಕಿಕೊಂಡೇ ಊಟಕ್ಕೆ ಕೂರುತ್ತಾಳೆ. ಸೆಪ್ಟೆಂಬರ್ ಹದಿನಾರಕ್ಕೆ, ಶಾಲೆ ಶುರುವಾಗುವ ದಿನ, ಟೀಚರಿಗೆ ಕೊಡಲು ಹೂವಿನ ಗುಚ್ಛವನ್ನೂ ಯೋಚಿಸಿಟ್ಟಿದ್ದಾಳೆ, ಅಂಗಳದ ಡೇರೆ ಹೂವೇ ಆಗಬೇಕಂತೆ. ಯಾರಿಗೆ ಕೊಡುತ್ತೀಯೆ ಎಂದರೆ, "ಅಜ್ಜಿಗೆ. ಒಂದನೇ ಕ್ಲಾಸು ಅಜ್ಜಿದಲ್ವಾ?" ಅನ್ನುತ್ತಾಳೆ. ಮೂರು ವರ್ಷದಿಂದ "ನಿನಗೆ ಅಕ್ಷರ ನಾನೇ ಕಲಿಸೋದು, ನಿಮ್ಮಮ್ಮ ಕಲಿಸಿದ್ರೆ ಕೆಟ್ಟೋಗ್ತೀಯ" ಎಂದು ನೀನೇ ಅವಳ ತಲೆಗೆ ತುಂಬಿದ್ದು. ನಾನು ಏನು ಹೇಳಲಿ? ಹೆಡ್‌ಮಾಸ್ಟರ್ ಕ್ರುಮ್ ನಿನ್ನ ನಿವೃತ್ತಿ ಪತ್ರವನ್ನು ಜೂನ್‌ನಿಂದ ಮೇಜಿನ ಖಾನೆಯಲ್ಲೇ ಇಟ್ಟಿದ್ದಾರೆ, ರುಜು ಹಾಕಿಲ್ಲ. ಆದರೆ ಸೆಪ್ಟೆಂಬರ್ ಒಂಬತ್ತಕ್ಕೆ ಅವರು ಶಿಕ್ಷಕರ ಪಟ್ಟಿ ಕಳಿಸಲೇಬೇಕು. ಅಷ್ಟರಲ್ಲಿ ನೀನು ಬರದಿದ್ದರೆ ಒಂದನೇ ಕ್ಲಾಸನ್ನು ಎರಡನೆಯದಕ್ಕೆ ಸೇರಿಸಿಬಿಡುತ್ತಾರೆ. ಹನ್ನೊಂದು ಮಕ್ಕಳು, ಒಂದು ಗೋಡೆಯ ಕಡೆ ಇವರು, ಇನ್ನೊಂದು ಗೋಡೆಯ ಕಡೆ ಅವರು.

ಈಗ ಮಾರ್ಚ್ ತಿಂಗಳ ವಿಷಯಕ್ಕೆ ಬರುತ್ತೇನೆ. ಮುಂದೂಡಿ ಮುಂದೂಡಿ ಮೆಣಸಿನಕಾಯಿ, ಹಲ್ಲು ಎಲ್ಲ ಬರೆದದ್ದಾಯಿತು. ಅವತ್ತು ಕಣಿವೆಯ ಶಾಲೆಗಳಿಂದ ಇಪ್ಪತ್ತೆರಡು ಜನ ಶಿಕ್ಷಕರು ನಮ್ಮ ಶಾಲೆಗೇ ಬಂದಿದ್ದರು, ಎಲ್ಲರ ಮಣಿಕಟ್ಟಿನಲ್ಲೂ ಮಾರ್ಚ್‌ನಲ್ಲಿ ಶುಭಕ್ಕೆಂದು ಕಟ್ಟುವ ಕೆಂಪು-ಬಿಳಿ ದಾರ. ಪಾಠಕ್ಕೆ ಬೇಕಾದ ಚಿತ್ರ, ಧ್ವನಿ, ಅಭ್ಯಾಸ ಹಾಳೆ ಕಂಪ್ಯೂಟರಿನಲ್ಲಿ ಎಲ್ಲಿ ಸಿಗುತ್ತದೆ, ಅದನ್ನು ತರಗತಿಗೆ ಹೇಗೆ ತರುವುದು ಎಂದು ಹೇಳಿಕೊಡುವುದು ನನ್ನ ಕೆಲಸ. ಸ್ವಂತ ಊರಿನಲ್ಲಿ ಅದೇ ಮೊದಲು. ನೀನು ನೀಲಿ ಕೋಟು ಹಾಕಿ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಎಲ್ಲರೂ ಎರಡು ವಾಕ್ಯ ಬರೆಯಿರಿ, ಏನಾದರೂ ಸರಿ ಎಂದೆ. ಉಳಿದವರು ಒಂದೊಂದೇ ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಹುಡುಕುತ್ತಿದ್ದರು. ನೀನೊಬ್ಬಳೇ ಕೀಲಿಗಳತ್ತಲೂ ನೋಡದೆ, ಪರದೆಯತ್ತಲೂ ನೋಡದೆ, ನನ್ನನ್ನೇ ನೋಡುತ್ತ ಟಕಟಕನೆ ಹೊಡೆಯುತ್ತಿದ್ದೆ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಗೇ ನಿನ್ನ ಬರಹವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದೆ. ಅಲ್ಲಿ ಮೊದಲ ಪದ "ಓಕೆಇ" ಎಂದಿತ್ತು. ಮುಂದೆ ಪದದ ಹೊಟ್ಟೆಯಲ್ಲಿ ಅಲ್ಪವಿರಾಮ, ತಲೆಯ ಮೇಲೆ ಅರ್ಧವಿರಾಮ, ಬರೀ ಕಸ. "ಟೀಚರ್ ಓಕೆ ಅಂತಿದಾರೆ ಕಣ್ರಪ್ಪಾ" ಎಂದು ಹಿಂದಿನಿಂದ ಯಾರೋ ಅಂದರು, ಸಭೆಯೆಲ್ಲ ನಕ್ಕಿತು. ನೀನು ತಿರುಗಿ ಪರದೆ ನೋಡಿದೆ. "ಯಂತ್ರದ್ದೇ ಏನೋ ತಪ್ಪಿದೆ ನೆವೆನಾ" ಎಂದೆ, ಮೆಲ್ಲಗೆ, ನನಗೊಬ್ಬಳಿಗೆ ಕೇಳುವಷ್ಟು. ನಾನು ಏನಂದೆ? ಕೈಯಲ್ಲಿ ಮೈಕ್ ಹಿಡಿದುಕೊಂಡೇ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ. ಇನ್ನೂ ಜೋರಾಗಿ ನಕ್ಕರು. ಆಮೇಲೆ "ಕೈ ತೆಗಿಯಮ್ಮಾ, ನಾನೇ ಮಾಡ್ತೀನಿ" ಎಂದು ನಿನ್ನ ಎರಡು ಕೈಯನ್ನೂ ಕೀಲಿಮಣೆಯಿಂದ ಎತ್ತಿ ನಿನ್ನ ಮಡಿಲಲ್ಲಿಟ್ಟೆ. ಜೂನ್‌ನಲ್ಲಿ ನೀನು ನಿವೃತ್ತಿ ಪತ್ರ ಕೊಟ್ಟು ಬಾಲ್ಚಿಕ್‌ನ ಬಸ್ಸು ಹತ್ತಿದೆ.

ಇಷ್ಟು ದಿನ ನಾನು ಏನೆಂದುಕೊಂಡಿದ್ದೆ ಗೊತ್ತಾ? ಅಮ್ಮನಿಗೆ ಬರಲಿಲ್ಲ, ಅವಮಾನವಾಯಿತು, ಪಾಪ, ಸಿಟ್ಟು ಇಳಿದರೆ ಬರುತ್ತಾಳೆ ಎಂದು. ಕ್ಷಮಿಸುವ ಸ್ಥಾನದಲ್ಲಿ ನಾನೇ ಕೂತಿದ್ದೆ, ನನ್ನ ಸೊಕ್ಕು ನೋಡು. ಹೋದ ವಾರ ಪಕ್ಕದ ಬಾನ್ಯಾ ಹಳ್ಳಿಯ ಶಾಲೆಗೆ ಹೋಗಿದ್ದೆ. ಅಲ್ಲಿ ಚರಿತ್ರೆ ಕಲಿಸುವ ವೆಲಿಕಾ ಟೀಚರ್ ನಿನ್ನದೇ ವಯಸ್ಸಿನವರು, ಬಾಯಿ ನಿನಗಿಂತ ಜೋರು. ಅವರು ಎರಡು ಪದ ಹೊಡೆದು ನನ್ನ ಮುಖಕ್ಕೇ ಹೇಳಿದರು, "ಏನಮ್ಮಾ ಇದು, 'ದ' ನನ್ನ ಬಲಗೈ ಉಂಗುರದ ಬೆರಳಿಗೆ ಸಿಗ್ಬೇಕು, ನಲವತ್ತೈದು ವರ್ಷದಿಂದ ಅಲ್ಲೇ ಇತ್ತು. ಯಾರೋ ಅಡುಗೆಮನೆಗೆ ನುಗ್ಗಿ ಉಪ್ಪು, ಸಕ್ಕರೆ ಡಬ್ಬಿ ಎಲ್ಲಾ ಅದಲುಬದಲು ಮಾಡಿದಂಗಿದೆ." ಅಮ್ಮಾ, ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳಬೇಕಾದವಳು ನಾನು, ನನಗೇ ಹೊಳೆಯಲಿಲ್ಲ. ಕೀಲಿಮಣೆಯಲ್ಲಿ ನಮ್ಮ ಅಕ್ಷರಗಳಿಗೆ ಈಗ ಎರಡು ಜೋಡಣೆಗಳಿವೆ. ಒಂದು ಹಳೆಯ ಟೈಪ್‌ರೈಟರಿನದು, ಬಟ್ಟೆ ಗಿರಣಿಯ ಆಫೀಸಿನಲ್ಲಿ ಹದಿನೆಂಟನೇ ವಯಸ್ಸಿನಲ್ಲಿ ನಿನ್ನ ಬೆರಳುಗಳು ಕಲಿತದ್ದು. ಇನ್ನೊಂದು ನಮ್ಮ ಪೀಳಿಗೆಯದು, ಇಂಗ್ಲಿಷ್ ಅಕ್ಷರ ಎಲ್ಲಿದೆಯೋ ಅದೇ ಸದ್ದಿನ ನಮ್ಮ ಅಕ್ಷರವೂ ಅಲ್ಲೇ. ಯಂತ್ರವನ್ನು ಎರಡರಲ್ಲಿ ಯಾವುದಕ್ಕೆ ಬೇಕಾದರೂ ತಿರುಗಿಸಬಹುದು, ಅರ್ಧ ನಿಮಿಷದ ಕೆಲಸ. ಅವತ್ತು ಎಲ್ಲ ಯಂತ್ರಗಳನ್ನೂ ನನಗೆ ಬರುವ ಜೋಡಣೆಗೆ ತಿರುಗಿಸಿಟ್ಟಿದ್ದು ನಾನೇ. ನಿನ್ನ ಬೆರಳು ಒಂದೂ ತಪ್ಪಿರಲಿಲ್ಲ. ನೆಲವೇ ಡೊಂಕಾಗಿತ್ತು ಅಮ್ಮಾ. ಡೊಂಕು ಮಾಡಿದವಳೇ ಮೈಕ್ ಹಿಡಿದು ಗಾದೆ ಹೇಳಿದಳು.

ಶಾಲೆಗೆ ಹೋಗಿ ಕಿಟಕಿ ಪಕ್ಕದ ಆ ಯಂತ್ರ ಹಚ್ಚಿದೆ. ನೀನು ಬರೆದದ್ದು ಹಾಗೇ ಇತ್ತು, ಯಾರೂ ಅಳಿಸಿರಲಿಲ್ಲ. ಒಂದು ಹಾಳೆಗೆ ಇಳಿಸಿಕೊಂಡು ಬಂದು ಅಡುಗೆಮನೆಯ ಮೇಜಿನ ಮೇಲೆ ಎರಡೂ ಜೋಡಣೆಗಳ ಚಿತ್ರ ಬಿಡಿಸಿದೆ. ಕಾಲಿನಾ ತನಗೆ ಗೊತ್ತಿರುವ ಅಕ್ಷರಗಳನ್ನು ಕೂಗುವುದು, ನಾನು ಅದರ ಜಾಗದಲ್ಲಿ ನಿನ್ನದನ್ನು ಪೆನ್ಸಿಲಿನಲ್ಲಿ ಬರೆಯುವುದು. 'ಓ' ಇದ್ದ ಕಡೆ 'ದ' ಬಂತು, 'ಕ' ಇದ್ದ ಕಡೆ 'ನ' ಬಂತು. ಇಪ್ಪತ್ತೆರಡು ಜನ ನಕ್ಕ ಆ "ಓಕೆಇ" ನೋಡನೋಡುತ್ತ "ದ್ನೆಸ್" ಆಯಿತು. ಅಂದರೆ 'ಇವತ್ತು' ಎಂದು ಶುರು ಮಾಡಿದ್ದೆ ನೀನು. ಮುಂದಿನ ಪದದ ನಡುವೆ ಬಿದ್ದಿದ್ದ ಅಲ್ಪವಿರಾಮ ತೆಗೆದು ಅಕ್ಷರ ಕೂರಿಸಿದರೆ ಅದು 'ಮಗಳು'. "ಇವತ್ತು ನನ್ನ ಮಗಳು ನಮಗೆ ಪಾಠ ಮಾಡುತ್ತಿದ್ದಾಳೆ. ಸೀಮೆಸುಣ್ಣ ಇಲ್ಲದಿದ್ದರೂ ನನ್ನ ಹಾಗೇ ಬೆರಳು ಮಡಿಸಿಕೊಂಡು ಕೈ ಎತ್ತುತ್ತಾಳೆ." ಒಂದು ಕಾಗುಣಿತ ತಪ್ಪಿಲ್ಲ, ಕೊನೆಯ ಚುಕ್ಕಿ ಕೂಡ ಬಿಟ್ಟಿಲ್ಲ. ನಾನು ಅತ್ತೆ. ಕಾಲಿನಾ ಹೆದರಿ, ಅಜ್ಜಿ ಬೈದು ಬರೆದಿದ್ದಾಳಾ ಎಂದು ಕೇಳಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಪ್ಪಾಯಿತು ಅಮ್ಮಾ. ಹತ್ತಾರು ಜನರ ಮುಂದೆ ಮಾಡಿದ ತಪ್ಪನ್ನು ಕಾಗದದಲ್ಲಿ ಗುಟ್ಟಾಗಿ ಒಪ್ಪಿಕೊಂಡರೆ ಸಾಲದೆಂದು ನನಗೂ ಗೊತ್ತು. ಅದಕ್ಕೇ ಶುಕ್ರವಾರ ಅದೇ ಇಪ್ಪತ್ತೆರಡು ಜನ ಸೇರಿದಾಗ ನಿನ್ನ ಬರಹವನ್ನು ಅದೇ ಗೋಡೆಗೆ ಹಾಕಿದೆ, ಮೊದಲು ಕಸದ ಹಾಗಿದ್ದದ್ದು, ಆಮೇಲೆ ಬಿಡಿಸಿದ್ದು. ಯಾರೂ ನಗಲಿಲ್ಲ. ಓಕೆ ಎಂದು ಹಾಸ್ಯ ಮಾಡಿದ ಪುಣ್ಯಾತ್ಮ ಕನ್ನಡಕ ಒರೆಸುತ್ತ ಕೂತಿದ್ದ. ಇನ್ನೂ ನಾಲ್ಕು ಜನ ಹಿರಿಯ ಟೀಚರುಗಳು ನಮ್ಮದೂ ಹಾಗೇ ಆಗಿತ್ತು, ನಮಗೇ ಮರೆವು ಅಂದುಕೊಂಡು ಸುಮ್ಮನಿದ್ದೆವು ಎಂದರು. ಇನ್ನು ಮೇಲೆ ಯಾವ ಶಾಲೆಗೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ, ನಿಮ್ಮ ಬೆರಳು ಎಲ್ಲಿ ಕಲಿತದ್ದು? ಹದಿನಾಲ್ಕು ವರ್ಷದ ಕೆಲಸದಲ್ಲಿ ಇದು ನನಗೆ ತಿಳಿದಿರಲಿಲ್ಲವೆಂದರೆ ನಾಚಿಕೆಯಾಗುತ್ತದೆ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರ ಸುಳ್ಳಿಗೂ ಸೇರಿಸಿ. ಇವಾಯ್ಲೊ ಒಲೆಯ ಬಿಡಿಭಾಗಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಅತ್ತೆ ಬರುವವರೆಗೂ ಮುಟ್ಟಬಾರದೆಂದು ಚೀಟಿ ಅಂಟಿಸಿದ್ದಾರೆ. ಸಮುದ್ರದ ಗಾಳಿ ನಿನ್ನ ಮಂಡಿಗೆ ಒಳ್ಳೆಯದು ಮಾಡಲಿ, ಆದರೆ ತೀರ ಹೆಚ್ಚು ಒಳ್ಳೆಯದು ಮಾಡಿ ನಿನ್ನನ್ನು ಅಲ್ಲೇ ಇಟ್ಟುಕೊಳ್ಳದಿರಲಿ. ಕಾಲಿನಾ ಹಲ್ಲಿಲ್ಲದ ಬಾಯಲ್ಲಿ ಮುತ್ತು ಕಳಿಸಿದ್ದಾಳೆ.

ನಿನ್ನ ಮಗಳು,
ನೆವೆನಾ

ಮರೆತಿದ್ದೆ. ಅಂಚೆಯಾಕೆ ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಎರಡು ವಾಕ್ಯ ಸಾಕೆಂದರೂ ನೀನು ಮೂರನೆಯದನ್ನು ಶುರು ಮಾಡಿದ್ದೆ. "ಅವಳಿಗೆ ಹೇಳಬೇಕು, ನನಗೆ" ಎಂಬಲ್ಲಿಗೆ ಅದು ನಿಂತಿದೆ. ನಾನು ನಿನ್ನ ಕೈ ಎತ್ತಿದ್ದು ಅಲ್ಲೇ. ಗೋಡೆಯ ಮೇಲೆ ಆ ಸಾಲನ್ನು ನಾನು ಯಾರಿಗೂ ತೋರಿಸಲಿಲ್ಲ. ಕಿಟಕಿ ಪಕ್ಕದ ಯಂತ್ರವನ್ನು ನಿನ್ನ ಜೋಡಣೆಗೆ ತಿರುಗಿಸಿ, ಆ ಬರಹ ತೆರೆದಿಟ್ಟಿದ್ದೇನೆ. ಒಂಬತ್ತನೇ ತಾರೀಖಿನೊಳಗೆ ಬಾ. ಬಂದು ಆ ವಾಕ್ಯ ಮುಗಿಸು, ನಾನು ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತೇನೆ.