ಗ್ಯಾರಿಟಿಯ ಎಂಜಿನ್ನಿಗೆ ಬಳಿದ ತುಕ್ಕು

೧೭ ನವೆಂಬರ್ ೧೯೭೪, ಭಾನುವಾರ

ಗ್ಯಾರಿಟಿಯ ಮುಖ ಕಣ್ಣಿಂದ ಹೋಗುತ್ತಿಲ್ಲ. ಡಿಯರ್‌ಬಾರ್ನ್ ಆಫೀಸಿನಲ್ಲಿ ಆರು ವರ್ಷ ನನ್ನ ಪಕ್ಕದ ಟೇಬಲ್ಲಿನವನು. ಈಗ ಆಸ್ಪತ್ರೆಯಲ್ಲಿದ್ದಾನೆ, ಶ್ವಾಸಕೋಶದ ಕ್ಯಾನ್ಸರ್, ಕೊನೆಯ ಹಂತ. ಐರ್ಲೆಂಡಿನ ತನ್ನೂರಿನ ರೈಲನ್ನೆಲ್ಲ ಮನೆಯ ಬೇಸ್‌ಮೆಂಟಿನಲ್ಲಿ ಪುಟ್ಟ ಮಾದರಿಯಾಗಿ ಕಟ್ಟಿದ್ದಾನೆ. ಉಳಿದದ್ದು ಒಂದೇ ಎಂಜಿನ್, ಅವನಪ್ಪ ಓಡಿಸುತ್ತಿದ್ದದ್ದರ ಮಾದರಿ. ಬಣ್ಣ ಹಚ್ಚಿಕೊಡು ಅಂದಿದ್ದ. ಹಳೆಯದಾಗಿ ಕಾಣಲಿ ಅಂತ ನಾನೇ ಮಸಿ, ತುಕ್ಕಿನ ಬಣ್ಣ ಎಲ್ಲ ಬಳಿದೆ. ಇವತ್ತು ಹೆಮ್ಮೆಯಿಂದಲೇ ಒಯ್ದುಕೊಟ್ಟೆ.

ಬಹಳ ಹೊತ್ತು ನೋಡಿದ. “ಅಪ್ಪ ದಿನಾ ಬೆಳಿಗ್ಗೆ ಇದನ್ನ ಒರೆಸ್ತಿದ್ದ, ಶೇಷಾದ್ರಿ. ಒಂದು ಚುಕ್ಕೆ ತುಕ್ಕಿರಲಿಲ್ಲ.”

“ಕೊಡು, ಅಳಿಸಿ ತರ್ತೀನಿ.”

“ಬೇಡ. ರೈಲು ಲೈನ್ ಮುಚ್ಚಿದ ಮೇಲೆ ಗುಜರಿಗೆ ಹೋಗೋವರೆಗೂ ಹೀಗೇ ತುಕ್ಕು ಹಿಡಿದು ನಿಂತಿತ್ತಂತೆ. ಅಪ್ಪ ದಿನಾ ಹೋಗಿ ನೋಡ್ತಿದ್ದನಂತೆ. ನಾನು ಇಲ್ಲಿ, ಅಮೆರಿಕದಲ್ಲಿದ್ದೆ.”

ಹೊದಿಕೆಯ ಮೇಲಿಟ್ಟು ಬೆರಳಿನಿಂದ ತಳ್ಳಿದ. ಚಕ್ರ ತಿರುಗಲಿಲ್ಲ, ನಾನು ಬಳಿದ ಬಣ್ಣ ಒಣಗಿ ಅಂಟಿಕೊಂಡಿತ್ತು. ಇನ್ನೊಮ್ಮೆ ತಳ್ಳಿದ.

ನಾಳೆ ಸರಿ ಮಾಡಿ ತರ್ತೀನಿ ಅಂದೆ. ‘ನಾಳೆ’ ಅಂದದ್ದಕ್ಕೆ ಹಾಸಿಗೆಯ ಪಕ್ಕ ಕೂತಿದ್ದ ಅವನ ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಎಂಜಿನ್ನಿಗೆ ಕೈ ಚಾಚಿದೆ. ಕೊಡಲಿಲ್ಲ, ಎದೆಗೊತ್ತಿಕೊಂಡು ಗೋಡೆಯ ಕಡೆ ಹೊರಳಿದ.

ಬಳಿಯೋ ಮುಂಚೆ ಅವನನ್ನ ಒಂದು ಮಾತು ಕೇಳಿದ್ದರೆ…